ಬಾಣಸವಾಡಿಯ ಗಾಳಿಗೊಂದು ಕನ್ನಡಕ

ಬೆಂಗಳೂರಿನ ಗಾಳಿಯನ್ನು ಹೊಗಳಿದವರೂ ಬೈದವರೂ ಮೂಗಿನ ಕಡೆಯಿಂದಲೇ ಮಾತಾಡಿದ್ದಾರೆ. ಪಿಂಚಣಿದಾರರ ಸ್ವರ್ಗ ಎಂದು ಕರೆದ ಕಾಲದಲ್ಲಿ ತಂಪು ಹತ್ತಿದ್ದು ಮೂಗಿಗೆ. ಈಗ ಹೊರವರ್ತುಲ ರಸ್ತೆಯಲ್ಲಿ ನೀರಿನ ಟ್ಯಾಂಕರಿನ ಹಿಂದೆ ಸಿಕ್ಕಿಹಾಕಿಕೊಂಡವನಿಗೆ ಹೊಗೆ ಹತ್ತುವುದೂ ಮೂಗಿಗೇ. ಅದೇ ಗಾಳಿ ಹಗಲೂ ರಾತ್ರಿ ನಮ್ಮ ಕಣ್ಣಿಗೆ ಮಾಡುತ್ತಿರುವ ಮೋಸದ ಬಗ್ಗೆ ಮಾತ್ರ ಇನ್ನೂ ಯಾರೂ ದೂರು ಕೊಟ್ಟಂತಿಲ್ಲ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಬಾಣಸವಾಡಿ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಗೆ ಹೋಗಿ ಬೈಯಪ್ಪನಹಳ್ಳಿ ಕಡೆ ಕಣ್ಣು ಹಾಯಿಸಿ. ಹಳಿ ನೆಟ್ಟಗಿರುವುದಿಲ್ಲ. ಸಿಗ್ನಲ್ ಕಂಬ ಸೊಂಟ ಬಳುಕಿಸುತ್ತಿರುತ್ತದೆ. ದೂರದ ಎಂಜಿನ್ನು ನೆಲ ಬಿಟ್ಟು ಗೇಣುದ್ದ ಮೇಲೆ ತೇಲಿಕೊಂಡು ಬಂದು, ಹತ್ತಿರವಾದ ಮೇಲೆ ಸಭ್ಯಸ್ಥನ ಹಾಗೆ ಹಳಿಯ ಮೇಲೆ ಕೂರುತ್ತದೆ. ರೈಲ್ವೆಯವರು ಕಂಬವನ್ನು ಸರಿಯಾಗಿಯೇ ನೆಟ್ಟಿದ್ದಾರೆ. ಅದನ್ನು ಬಳುಕಿಸುತ್ತಿರುವುದು ನಡುವಿನ ಗಾಳಿ.

ಬಾಣಸವಾಡಿ, ಕಸ್ತೂರಿನಗರ, ಸಿ.ವಿ. ರಾಮನ್ ನಗರ, ಈ ಸುತ್ತಿನಲ್ಲಿ ಯಾವ ಮನೆಯ ಬೆಲ್ ಒತ್ತಿದರೂ ಬಾಗಿಲು ತೆಗೆಯುವವರು ಒಬ್ಬ ನಿವೃತ್ತ ಎಂಜಿನಿಯರ್. ರೇಡಾರ್ ಮಾಡುವ ಎಲ್‌ಆರ್‌ಡಿಇ ಇಲ್ಲೇ ಪಕ್ಕದಲ್ಲಿದೆ. ಎಚ್‌ಎಎಲ್ಲು, ಇಸ್ರೋದ ಉಪಗ್ರಹ ಕೇಂದ್ರ ಹಳೇ ಏರ್‌ಪೋರ್ಟ್ ರಸ್ತೆಯ ಕಡೆ. ನಮ್ಮ ಬೀದಿಯ ಪಾಲಿಗೂ ಒಬ್ಬರು ಬಂದಿದ್ದಾರೆ. ಯಾವ ಕಚೇರಿಯಲ್ಲಿದ್ದರು, ಏನು ಮಾಡುತ್ತಿದ್ದರು ಎಂಬುದನ್ನು ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಅವರ ತಾರಸಿಯಲ್ಲಿ ನೀರಿನ ಟ್ಯಾಂಕಿಗೂ ಪಕ್ಕದವರ ಮೊಬೈಲ್ ಟವರಿಗೂ ನಡುವೆ ಒಂದು ದೂರದರ್ಶಕ ಇದೆ. ನಮ್ಮಂಥ ಕನ್ನಡ ಮೇಷ್ಟ್ರುಗಳನ್ನು ಹಿಡಿದು ತಂದು ಶನಿ ತೋರಿಸುವುದು ಅವರ ನಿವೃತ್ತ ಜೀವನದ ಉದ್ಯೋಗ. ನಮ್ಮನೆಯವಳ ಪ್ರಕಾರ, ಏಳೂವರೆ ವರ್ಷ ಸಾಲದು ಎಂದು ಹುಡುಕಿಕೊಂಡು ಹೋಗಿ ಶನಿಯನ್ನು ನೋಡುವವರು ಇಡೀ ಬೀದಿಯಲ್ಲಿ ನಾವಿಬ್ಬರೇ.

"ಶನಿ ನಿಂತಾಗ ಬಳೆ ಕಾಣಲ್ಲ, ಬಳೆ ಕಂಡಾಗ ಶನಿ ನಿಲ್ಲಲ್ಲ ಮೇಷ್ಟ್ರೇ," ಎಂದು ಅವರು ಗಾಳಿಗೆ ಶಾಪ ಹಾಕುತ್ತಾರೆ. ಶಾಪಕ್ಕೆ ಲೆಕ್ಕವೂ ಇದೆ. ಬೆಳಕು ಶೂನ್ಯದಲ್ಲಿ ಓಡುವುದಕ್ಕಿಂತ ಗಾಳಿಯಲ್ಲಿ ಒಂದಿಷ್ಟು ನಿಧಾನ. ಹತ್ತು ಸಾವಿರದಲ್ಲಿ ಮೂರು ಪಾಲಿನಷ್ಟು. ಆ ನಿಧಾನವೂ ಒಂದೇ ಸಮ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಗಾಳಿ ಬಿಸಿಯಾದರೆ ತೆಳುವಾಗುತ್ತದೆ, ತೆಳುವಾದಲ್ಲಿ ಬೆಳಕಿನ ಓಟ ಒಂದು ಕೂದಲೆಳೆ ಚುರುಕಾಗುತ್ತದೆ. ಒಂದು ಮೀಟರ್ ದಾರಿಯಲ್ಲಿ ಒಂದು ಡಿಗ್ರಿ ವ್ಯತ್ಯಾಸವಾದರೆ ಬೆಳಕಿನ ಅಲೆ ಸುಮಾರು ಒಂದು ಮೈಕ್ರಾನ್ ಹಿಂದೆ ಮುಂದೆ ಆಗುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಯಾವ ಲೆಕ್ಕ ಎನ್ನಬೇಡಿ, ಹಸಿರು ಬೆಳಕಿನ ಒಂದು ಅಲೆಯ ಉದ್ದವೇ ಅರ್ಧ ಮೈಕ್ರಾನು. ಒಂದು ಮೀಟರಿನಲ್ಲೇ ಎರಡು ಅಲೆ ತಪ್ಪಿಹೋಯಿತು. ಇನ್ನು ಡಾಂಬರು, ಕಾಂಕ್ರೀಟು, ತಗಡಿನ ಚಾವಣಿ ಎಲ್ಲ ಸೇರಿ ಕುದಿಸಿದ ಹೊರವರ್ತುಲ ರಸ್ತೆಯ ಮೇಲೆ ಒಂದು ಕಿಲೋಮೀಟರ್ ದೂರದ ಬೋರ್ಡು ಓದಲು ಹೋದರೆ? ದಾರಿಯುದ್ದಕ್ಕೂ ಬಿಸಿ ಗಾಳಿಯ ಸುಳಿ, ತಣ್ಣನೆ ಗಾಳಿಯ ಸುಳಿ; ದೊಡ್ಡದು ಒಡೆದು ಚಿಕ್ಕದಾಗಿ, ಚಿಕ್ಕದು ಇನ್ನೂ ಚಿಕ್ಕದಾಗಿ. ಹೀಗೆ ದೊಡ್ಡ ಸುಳಿ ತನ್ನ ಶಕ್ತಿಯನ್ನು ಮರಿಗಳಿಗೆ ಹಂಚಿಕೊಡುವುದಕ್ಕೆ 1941ರಲ್ಲಿ ರಷ್ಯದ ಕೊಲ್ಮೊಗೊರೊವ್ ಗಣಿತದ ಚೌಕಟ್ಟು ಹಾಕಿಕೊಟ್ಟ. ಇವತ್ತಿಗೂ ಈ ವಿದ್ಯೆಯವರು ಅವನ ಹೆಸರೆತ್ತದೆ ಮಾತು ಶುರು ಮಾಡುವುದಿಲ್ಲ.

ನಕ್ಷತ್ರ ಮಿನುಗುವುದು ಇದರಿಂದಲೇ. ಮಕ್ಕಳಿಗೆ ಪದ್ಯ ಕಲಿಸುವ ನಮಗೆ ಮಿನುಗು ಒಂದು ಸೊಗಸು. ಖಗೋಳದವರಿಗೆ ಅದೊಂದು ಕಾಯಿಲೆ. ನ್ಯೂಟನ್ ತನ್ನ 'ಆಪ್ಟಿಕ್ಸ್' ಪುಸ್ತಕದಲ್ಲೇ ಇದಕ್ಕೆ ಮದ್ದು ಬರೆದಿಟ್ಟಿದ್ದ: ಎತ್ತರದ ಬೆಟ್ಟ ಹತ್ತಿ, ಅಲ್ಲಿ ಗಾಳಿ ಶಾಂತವಾಗಿರಬಹುದು. ಖಗೋಳದವರು ಆ ಮಾತನ್ನು ಶಿರಸಾ ವಹಿಸಿ ಊರು ಬಿಟ್ಟು ಓಡುತ್ತಲೇ ಬಂದಿದ್ದಾರೆ. ಮದರಾಸಿನ ವೀಕ್ಷಣಾಲಯ 1899ರಲ್ಲಿ ಕೊಡೈಕೆನಾಲಿನ ಬೆಟ್ಟ ಹತ್ತಿತು. ಆಮೇಲೆ ಖಗೋಳಜ್ಞ ವೈನು ಬಾಪ್ಪು ಜವಾದಿ ಬೆಟ್ಟದ ಕಾವಲೂರಿಗೆ ಹೋದರು. ಅಲ್ಲಿಂದಾಚೆ ಲಡಾಖಿನ ಹಾನ್ಲೆ, ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರ. ಉದಯಪುರದವರು ಇನ್ನೂ ಜಾಣರು. ಬೆಟ್ಟ ಹತ್ತದೆ ಫತೇಸಾಗರ ಕೆರೆಯ ನಡುಗಡ್ಡೆಯಲ್ಲಿ ಸೌರ ವೀಕ್ಷಣಾಲಯ ಕಟ್ಟಿಕೊಂಡರು. ಸುತ್ತ ನೀರಿದ್ದರೆ ನೆಲ ಕಾದಷ್ಟು ಕಾಯುವುದಿಲ್ಲ, ಗಾಳಿ ಅಷ್ಟಾಗಿ ಕದಡುವುದಿಲ್ಲ. ನಮ್ಮ ಬಾಣಸವಾಡಿಯ ಕೆರೆಯನ್ನು ಉಳಿಸಿಕೊಂಡಿದ್ದರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಎಂಜಿನಿಯರರು, "ಆ ವಿಷಯ ಎತ್ತಬೇಡಿ, ರಾತ್ರಿ ನಿದ್ದೆ ಬರಲ್ಲ," ಎಂದರು.

ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ನಡೆಸುವವರು ಕೂರುವುದು ಎಲ್ಲಿ ಗೊತ್ತೇ? ಹೊಸಕೋಟೆಯಲ್ಲಿ. ನಮ್ಮ ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆ ಹಿಡಿದು ಹೋದರೆ ಭಾರತೀಯ ಖಗೋಳಭೌತವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಎಂಬ ಆವರಣ ಸಿಗುತ್ತದೆ. ಅಲ್ಲಿ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಹಿಮಾಲಯದ ಕೊಳವೆ ತಿರುಗುತ್ತದೆ. ಬಿರಿಯಾನಿಗೆಂದು ಮುಂಜಾನೆಯೇ ಹೊಸಕೋಟೆಗೆ ಕಾರು ಓಡಿಸುವ ಇಂದಿರಾನಗರದ ಹುಡುಗರಿಗೆ ಯಾರಾದರೂ ಇದನ್ನೂ ಹೇಳಬೇಕು.

ಓಡಿಹೋಗುವುದೊಂದು ದಾರಿಯಾದರೆ, ನಿಂತು ಎದುರಿಸುವುದು ಇನ್ನೊಂದು. 1953ರಲ್ಲಿ ಹೊರೇಸ್ ಬ್ಯಾಬ್‌ಕಾಕ್ ಎಂಬ ಅಮೆರಿಕದ ಖಗೋಳಜ್ಞ ಒಂದು ಉಪಾಯ ಹೇಳಿದ. ಗಾಳಿ ಬೆಳಕನ್ನು ಎಷ್ಟು ಸುಕ್ಕು ಮಾಡಿದೆಯೋ ಅದಕ್ಕೆ ತಕ್ಕ ಸುಕ್ಕನ್ನು ತಿರುವುಮುರುವಾಗಿ ಕನ್ನಡಿಗೆ ಕೊಟ್ಟರೆ ಬೆಳಕು ಮತ್ತೆ ನೆಟ್ಟಗಾಗುತ್ತದೆ. ಗಾಳಿ ಕೆಲವೇ ಮಿಲಿಸೆಕೆಂಡಿಗೊಮ್ಮೆ ತನ್ನ ಮನಸ್ಸು ಬದಲಾಯಿಸುತ್ತದಾದ್ದರಿಂದ ಕನ್ನಡಿಯೂ ಸೆಕೆಂಡಿಗೆ ನೂರಾರು ಸಲ ಮೈ ಬಾಗಿಸಬೇಕು. ಬ್ಯಾಬ್‌ಕಾಕನ ಕಾಲದಲ್ಲಿ ಅದು ಆಗದ ಮಾತಾಗಿತ್ತು. ಮುಂದೆ ಅಮೆರಿಕದ ಸೈನ್ಯ ಗುಟ್ಟಾಗಿ ಮಾಡಿಕೊಂಡಿತು, 1991ರಲ್ಲಿ ಗುಟ್ಟು ಬಿಚ್ಚಿತು. ಈಗ ದೊಡ್ಡ ದೂರದರ್ಶಕಗಳಲ್ಲಿ ಹೆಚ್ಚಿನವಕ್ಕೆ ಇಂಥ ಕನ್ನಡಿ ಇದೆ. ಅದಕ್ಕೆ ತಗಲುವ ಖರ್ಚನ್ನು ಕೇಳಿದರೆ ಶನಿಯೇ ವಾಸಿ.

ನನಗೆ ಹೆಚ್ಚು ಹಿಡಿಸಿದ್ದು ಮೂರನೆಯ ದಾರಿ: ಓಡಿಹೋಗುವುದೂ ಬೇಡ, ಕನ್ನಡಿ ಬಗ್ಗಿಸುವುದೂ ಬೇಡ, ಕೆಟ್ಟ ಬೆಳಕನ್ನು ಕೆಟ್ಟ ಹಾಗೆಯೇ ಮನೆಗೆ ತಂದು ಪುರುಸೊತ್ತಾಗಿ ಕೂತು ರಿಪೇರಿ ಮಾಡುವುದು. ಇದಕ್ಕೆ ಹೋಲೋಗ್ರಾಮ್ ಬೇಕು. ಹೋಲೋಗ್ರಾಮ್ ಎಂದರೆ ಬ್ಯಾಂಕ್ ಕಾರ್ಡಿನ ಮೇಲೆ ಮಿರುಗುವ ಪಾರಿವಾಳ ಎಂದಷ್ಟೇ ನಾನು ತಿಳಿದಿದ್ದ ಕಾಲವಿತ್ತು. ಅದರ ಹುಟ್ಟಿನ ಕತೆಯೇ ಬೇರೆ. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನ ರಗ್ಬಿ ಪಟ್ಟಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಡೆನಿಸ್ ಗಾಬರನಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಸೂರದ ದೋಷ ತಲೆನೋವಾಗಿತ್ತು. 1947ರ ಈಸ್ಟರ್ ಹಬ್ಬದ ದಿನ ಟೆನಿಸ್ ಆಡಲು ತನ್ನ ಸರದಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ಅವನಿಗೆ ಹೊಳೆಯಿತಂತೆ: ಕೆಟ್ಟ ಚಿತ್ರವನ್ನೇ ತೆಗೆ, ಆದರೆ ಅದರೊಳಗಿನ ಮಾಹಿತಿ ಒಂದಿಷ್ಟೂ ಸೋರದ ಹಾಗೆ ತೆಗೆ, ದೋಷವನ್ನು ಆಮೇಲೆ ಕಳೆದುಕೊಳ್ಳಬಹುದು. 1948ರಲ್ಲಿ ಪ್ರಕಟಿಸಿದ, 1971ರಲ್ಲಿ ನೊಬೆಲ್ ಬಂತು. ಜಗತ್ತು ಅದನ್ನು ಮೂರು ಆಯಾಮದ ಬೊಂಬೆ ತೋರಿಸುವ ಮ್ಯಾಜಿಕ್ ಎಂದುಕೊಂಡಿತು. ಹುಟ್ಟಿದ್ದು ಮಾತ್ರ ತಪ್ಪು ತಿದ್ದುವುದಕ್ಕೆ.

ಸೋರಿಹೋಗುವ ಮಾಹಿತಿ ಯಾವುದು? ಬೆಳಕು ಅಲೆ. ಅಲೆಗೆ ಎರಡು ಗುಣ: ಎಷ್ಟು ಜೋರಾಗಿದೆ ಎಂಬುದೊಂದು, ಏರಿಳಿತದ ಯಾವ ಹೊತ್ತಿನಲ್ಲಿ ಬಂದು ತಲುಪಿತು ಎಂಬುದಿನ್ನೊಂದು. ಎರಡನೆಯದನ್ನು ಫೇಸ್ ಎನ್ನುತ್ತಾರೆ. ಹಸಿರು ಬೆಳಕು ಸೆಕೆಂಡಿಗೆ ಸುಮಾರು 6 ಕೋಟಿ ಕೋಟಿ ಸಲ ಏರಿಳಿಯುತ್ತದೆ. ಅದನ್ನು ಎಣಿಸುವ ಕ್ಯಾಮೆರಾ ಲೋಕದಲ್ಲಿಲ್ಲ. ಕ್ಯಾಮೆರಾ ಒಟ್ಟು ಬಿದ್ದ ಬೆಳಕನ್ನು ಕೂಡಿಸುತ್ತದೆ, ಫೇಸನ್ನು ಚರಂಡಿಗೆ ಬಿಡುತ್ತದೆ. ಗಾಳಿಯಾದರೋ ಕೆಡಿಸುವುದು ಮುಖ್ಯವಾಗಿ ಫೇಸನ್ನೇ. ಅಂದಮೇಲೆ ಫೋಟೋ ತೆಗೆದವನು ರೋಗ ಇರುವ ಅಂಗವನ್ನೇ ಎಸೆದು ಆಮೇಲೆ ವೈದ್ಯರ ಹತ್ತಿರ ಹೋದ ಹಾಗಾಯಿತು.

2020ರ ಲಾಕ್‌ಡೌನಿನಲ್ಲಿ ನಮ್ಮ ಬೀದಿಯ ಭಜನಾ ಮಂಡಳಿ ಮೊಬೈಲ್ ಪರದೆಯ ಮೇಲೆ ಸೇರಿತ್ತು. ಪ್ರತಿಯೊಬ್ಬರೂ ಅವರವರ ಮನೆಯಲ್ಲಿ ತಾಳಕ್ಕೆ ಸರಿಯಾಗಿಯೇ ಹಾಡಿದರು. ಕೇಳಿಸಿದ್ದು ಮಾತ್ರ ಸಂತೆ. ಒಬ್ಬರ ದನಿ ತಡವಾಗಿ, ಇನ್ನೊಬ್ಬರದು ಇನ್ನೂ ತಡವಾಗಿ, ಪಲ್ಲವಿಯ ಮೇಲೆ ಚರಣ, ಚರಣದ ಮೇಲೆ ಯಾರದೋ ಮನೆಯ ಕುಕ್ಕರಿನ ಸೀಟಿ. ಆ ಗದ್ದಲವನ್ನು ರೆಕಾರ್ಡ್ ಮಾಡಿಟ್ಟುಕೊಂಡು ಯಾರೇನು ಮಾಡಿದರೂ ಭಜನೆಯಾಗದು. ಎಂಜಿನಿಯರರ ಮೊಮ್ಮಗಳು ಬೇರೆ ದಾರಿ ಹುಡುಕಿದಳು. ಎಲ್ಲರೂ ಬೇರೆಬೇರೆ ರೆಕಾರ್ಡ್ ಮಾಡಿ ಕಳಿಸಿ ಎಂದಳು. ಬಂದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಜೋಡಿಸಿ, ಇದನ್ನು ಚೂರು ಹಿಂದೆ, ಅದನ್ನು ಚೂರು ಮುಂದೆ ಎಂದು ಜರುಗಿಸುತ್ತ ಹೋದಳು. ಎಲ್ಲರ ತಾಳದ ಪೆಟ್ಟು ಒಂದೇ ಕಡೆ ಬಿದ್ದು 'ಠಣ್' ಎಂದಾಗ ನಿಲ್ಲಿಸಿದಳು. ಅಮೆರಿಕದಲ್ಲಿ ಬೆಳೆದ ಹುಡುಗಿ, ಆ ದೇವರನಾಮ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ.

ಗಾಳಿ ಕೆಡಿಸಿದ ಹೋಲೋಗ್ರಾಮನ್ನು ತಿದ್ದುವುದೂ ಇಷ್ಟೇ. ಒಂದು ಲೇಸರನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಗಾಳಿಯಲ್ಲಿ ಹೋಗಿ ದೂರದ ವಸ್ತುವಿಗೆ ಬಡಿದು, ಸುಕ್ಕುಸುಕ್ಕಾಗಿ ಹಿಂದಿರುಗುತ್ತದೆ. ಇನ್ನೊಂದು ಪಾಲು ಮನೆಯಲ್ಲೇ ಇರುತ್ತದೆ, ಹೊರಗಿನ ಗಾಳಿ ಸೋಕದ ಹಾಗೆ. ಎರಡೂ ಕ್ಯಾಮೆರಾದ ಸೆನ್ಸರಿನ ಮೇಲೆ ಸೇರಿದಾಗ ಕಪ್ಪು ಬಿಳುಪು ಗೀರುಗಳೇಳುತ್ತವೆ. ಆ ಗೀರುಗಳ ಬಾಗುಬಳುಕಿನಲ್ಲಿ ಫೇಸ್ ಸಿಕ್ಕಿಬಿದ್ದಿರುತ್ತದೆ. ಇಂಥ ಗೀರನ್ನು ಫಿಲ್ಮಿನ ಬದಲು ಟಿವಿ ಕ್ಯಾಮೆರಾದ ಕೊಳವೆಯಿಂದ ಹಿಡಿದು ಕಂಪ್ಯೂಟರಿಗೆ ಉಣಿಸಿ ಚಿತ್ರ ಬಿಡಿಸಬಹುದೆಂದು ಗುಡ್‌ಮನ್, ಲಾರೆನ್ಸ್ ಎಂಬಿಬ್ಬರು 1967ರಲ್ಲೇ ತೋರಿಸಿದ್ದರು. ಇನ್ನು ಕಂಪ್ಯೂಟರು ಬಂದ ಅಲೆಯ ಒಂದೊಂದು ಭಾಗವನ್ನೂ ಚೂರು ಹಿಂದೆ, ಚೂರು ಮುಂದೆ ಜರುಗಿಸುತ್ತ, ಪ್ರತಿಸಲವೂ ಚಿತ್ರ ಬಿಡಿಸಿ ನೋಡುತ್ತ ಹೋಗಬೇಕು.

ನೋಡಿ ಏನನ್ನು ತೀರ್ಮಾನಿಸಬೇಕು? ಅಸಲು ವಸ್ತು ಹೇಗಿದೆ ಎಂಬುದು ಅದಕ್ಕೆ ಗೊತ್ತಿಲ್ಲವಲ್ಲ. 1974ರಲ್ಲಿ ಮುಲ್ಲರ್ ಮತ್ತು ಬಫಿಂಗ್‌ಟನ್ ಎಂಬುವರು ಒಂದು ಮಾನದಂಡ ಕೊಟ್ಟರು, ಅದರ ಸರಳತೆಗೆ ನಾನಂತೂ ಮಾರುಹೋದೆ. ಚಿತ್ರದ ಪ್ರತಿ ಚುಕ್ಕೆಯಲ್ಲಿರುವ ಬೆಳಕನ್ನು ವರ್ಗ ಮಾಡಿ ಕೂಡಿಸಿ. ಹತ್ತು ಪಾಲು ಬೆಳಕಿದೆ ಎನ್ನೋಣ. ಎರಡು ಚುಕ್ಕೆಗೆ ಐದು ಐದು ಹಂಚಿಹೋಗಿದ್ದರೆ 25ಕ್ಕೆ 25 ಸೇರಿ 50. ಅದೇ ಬೆಳಕು ಒಂಬತ್ತು ಒಂದಾಗಿ ಸೇರಿದ್ದರೆ 81ಕ್ಕೆ 1 ಸೇರಿ 82. ಮಸುಕಾದ ಚಿತ್ರದಲ್ಲಿ ಬೆಳಕು ಚೆಲ್ಲಾಪಿಲ್ಲಿ, ಸ್ಪಷ್ಟ ಚಿತ್ರದಲ್ಲಿ ತನ್ನ ತನ್ನ ಜಾಗದಲ್ಲಿ. ಮೊತ್ತ ಏರುತ್ತಿದೆಯೇ, ಅದೇ ದಿಕ್ಕಿಗೆ ಜರುಗಿಸು. ಇಳಿಯಿತೇ, ಹಿಂದಕ್ಕೆ ಬಾ. ಇಷ್ಟೇ ಆಜ್ಞೆ.

ಇಲ್ಲಿ ನಮ್ಮ ಊರಿನವರೊಬ್ಬರನ್ನು ನೆನೆಯದೆ ಮುಂದೆ ಹೋದರೆ ಅಪಚಾರವಾದೀತು. ಸದಾಶಿವನಗರದ ಪಕ್ಕದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಬಳಿ ಅವರ ಸಂಬಂಧಿಯೇ ಆದ ಎಸ್. ಪಂಚರತ್ನಂ ಎಂಬ ಯುವಕನಿದ್ದ. ಹರಳುಗಳ ಮೂಲಕ ಬೆಳಕು ಹಾಯಿಸುತ್ತಿದ್ದವನಿಗೆ ಒಂದು ಪ್ರಶ್ನೆ ಹುಟ್ಟಿತು: ಬೇರೆಬೇರೆ ದಿಕ್ಕಿಗೆ ಕಂಪಿಸುವ ಎರಡು ಬೆಳಕು ಒಂದೇ ಫೇಸಿನಲ್ಲಿವೆ ಎಂದು ಹೇಳುವುದು ಹೇಗೆ? ಅವನ ಉತ್ತರ: ಎರಡನ್ನೂ ಸೇರಿಸಿ, ಒಂದನ್ನು ಜರುಗಿಸುತ್ತ ಹೋಗಿ, ಎಲ್ಲಿ ಬೆಳಕು ಅತಿ ಹೆಚ್ಚಾಗುತ್ತದೋ ಅಲ್ಲಿ ಅವು ಒಂದೇ ಫೇಸಿನಲ್ಲಿವೆ. ಜರುಗಿಸು, ಹೆಚ್ಚಾದಲ್ಲಿ ನಿಲ್ಲಿಸು. ಕಂಪ್ಯೂಟರಿಗೆ ಕೊಟ್ಟ ಆಜ್ಞೆಯ ಜಾತಿಯದೇ. ಆ ಎಳೆಯನ್ನೇ ಹಿಡಿದು ಹೋಗಿ ಅವನು ವಿಚಿತ್ರವೊಂದನ್ನು ಕಂಡ. ಮೊದಲನೆಯದು ಎರಡನೆಯದರೊಡನೆ ಸರಿ ಇದೆ, ಎರಡನೆಯದು ಮೂರನೆಯದರೊಡನೆ ಸರಿ ಇದೆ, ಆದರೂ ಮೊದಲನೆಯದಕ್ಕೂ ಮೂರನೆಯದಕ್ಕೂ ಸರಿ ಇಲ್ಲ. (ಬೀಗರ ಸಂಬಂಧ ಬಲ್ಲ ಯಾರಿಗೂ ಇದು ಹೊಸದಲ್ಲ.) 1956ರಲ್ಲಿ, 22ರ ವಯಸ್ಸಿನಲ್ಲಿ, ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ. ಜಗತ್ತು ಓದಲಿಲ್ಲ. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರಿ ಇದೇ ಬಗೆಯ ಫೇಸನ್ನು ಬೇರೆ ದಾರಿಯಲ್ಲಿ ಕಂಡು ಹೆಸರಾದ ಮೇಲೆ, ರಾಮನ್ ಸಂಸ್ಥೆಯ ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ 1986ರಲ್ಲಿ "ನಮ್ಮ ಹುಡುಗ ಆಗಲೇ ಹೇಳಿದ್ದ" ಎಂಬುದನ್ನು ಎತ್ತಿ ತೋರಿಸಿದರು. ಬೆರಿ ದೊಡ್ಡ ಮನಸ್ಸಿನಿಂದ ಒಪ್ಪಿದ. ಅಷ್ಟು ಹೊತ್ತಿಗೆ ಪಂಚರತ್ನಂ ಇರಲಿಲ್ಲ. 1969ರಲ್ಲಿ, 35ಕ್ಕೇ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದ. ರಾಮನ್ನರೂ ಅವನೂ ಸೇರಿ 1959ರಲ್ಲಿ ಬಿಸಿಲುಗುದುರೆಯ ಬಗ್ಗೆಯೂ ಬರೆದಿದ್ದಾರೆ. ಕಾದ ಗಾಳಿಯಲ್ಲಿ ಕಿರಣ ಬಾಗುತ್ತದೆ ಎಂದಷ್ಟು ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಅಲೆಯ ಲೆಕ್ಕ ಹಾಕಬೇಕು ಎಂಬುದು ಅಲ್ಲಿನ ವಾದ. ನಮ್ಮ ಸ್ಟೇಷನ್ನಿನ ತೇಲುವ ಎಂಜಿನ್ನಿಗೆ ಇದಕ್ಕಿಂತ ಘನವಾದ ವಕೀಲರು ಸಿಗಲಾರರು.

ರಿಪೇರಿ ಇಷ್ಟು ಸಲೀಸಾಗಿದ್ದರೆ ಎಂಜಿನಿಯರರು ಇಷ್ಟು ಹೊತ್ತು ಮಾತಾಡುತ್ತಿರಲಿಲ್ಲ. ಲೇಸರ್ ಬಿದ್ದ ಒರಟು ಮೈ ಹರಳುಪ್ಪು ಚೆಲ್ಲಿದ ಹಾಗೆ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಗಾಳಿ ಇರಲಿ ಬಿಡಲಿ. ಒಂದೇ ಚಿತ್ರ ಕೊಟ್ಟು "ಮೊತ್ತ ಹೆಚ್ಚಿಸು" ಎಂದರೆ ಪ್ರೋಗ್ರಾಮು ಮಹಾ ವಿಧೇಯ. ಬೆಳಕನ್ನೆಲ್ಲ ಬಳಿದು ಯಾವುದೋ ಮೂಲೆಗೆ ತುಂಬಿ, "ಇಗೋ, ಭಾರಿ ಸ್ಪಷ್ಟ" ಎಂದುಬಿಡಬಹುದು. ಅದಕ್ಕೇ ಹಲವು ಹೋಲೋಗ್ರಾಮ್ ತೆಗೆದು, ಚುಕ್ಕೆಗಳು ಬೇರೆಬೇರೆ ಬಿದ್ದಿರುವುದನ್ನು ಸರಾಸರಿ ಮಾಡಿ ಅಳೆಯುತ್ತಾರೆ. ಥರ್ಮನ್ ಮತ್ತು ಫೀನಪ್ ಎಂಬ ಸಂಶೋಧಕರು 2008ರಲ್ಲಿ ಈ ತಿದ್ದುಪಡಿಯನ್ನು ವಿವರವಾಗಿ ಪರೀಕ್ಷಿಸಿದರು. ಮರುವರ್ಷ ಮ್ಯಾರನ್ ಮತ್ತು ಸಂಗಡಿಗರು ನಿಜವಾದ ಗಾಳಿಯಲ್ಲೇ ಪ್ರಯೋಗ ಮಾಡಿ ಫಲಿತಾಂಶ ಪ್ರಕಟಿಸಿದರು.

ಇನ್ನೊಂದು ತೊಡಕು ನೆಲಮಟ್ಟದಲ್ಲಿ ದೂರ ನೋಡುವವರಿಗೇ ಮೀಸಲು. ನೆಟ್ಟಗೆ ಮೇಲೆ ನೋಡುವ ಖಗೋಳದವರಿಗೆ ಕಾಟ ಕೊಡುವ ಗಾಳಿ ಬಹುಪಾಲು ದೂರದರ್ಶಕದ ಮೂತಿಯ ಹತ್ತಿರವೇ ಇದ್ದರೆ ಅದೃಷ್ಟ. ಒಂದೇ ತಿದ್ದುಪಡಿ ಇಡೀ ಚಿತ್ರಕ್ಕೆ ಸಾಕು. ಬಾಣಸವಾಡಿಯಿಂದ ಕೆ.ಆರ್. ಪುರದ ತೂಗುಸೇತುವೆ ನೋಡುವವನಿಗೆ ಕದಡಿದ ಗಾಳಿ ದಾರಿಯುದ್ದಕ್ಕೂ ಹಾಸಿದೆ. ಸೇತುವೆಯ ಎಡ ತುದಿಯಿಂದ ಬಂದ ಬೆಳಕು ತುಳಿದ ಸುಳಿ ಬೇರೆ, ಬಲ ತುದಿಯದು ಬೇರೆ. ಎಡಕ್ಕೆ ಒಪ್ಪುವ ತಿದ್ದುಪಡಿ ಬಲವನ್ನು ಕೆಡಿಸುತ್ತದೆ. ಆಗ ದಾರಿಯಲ್ಲಿ ಅಲ್ಲಲ್ಲಿ ಕಾಲ್ಪನಿಕ ಗಾಜಿನ ಹಲಗೆಗಳನ್ನು ನಿಲ್ಲಿಸಿ, ಒಂದೊಂದರ ಸುಕ್ಕನ್ನೂ ಬೇರೆಬೇರೆ ಲೆಕ್ಕ ಹಾಕಬೇಕು. ಟಿಪ್ಪಿ ಮತ್ತು ಫೀನಪ್ ಅದಕ್ಕೂ ದಾರಿ ತೋರಿಸಿದ್ದಾರೆ, ಆದರೆ ಕಂಪ್ಯೂಟರು ಬೆವರು ಸುರಿಸಬೇಕು.

"ಅಷ್ಟೆಲ್ಲ ಯಾಕೆ, ಬೆಳಗ್ಗೆ ನೋಡಿ," ಎಂದಳು ಕಾಫಿ ತಂದ ನಮ್ಮನೆಯವಳು. ಎಂಜಿನಿಯರರು ಎದ್ದು ನಿಂತು ಕೈಮುಗಿದರು. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ, ಮುಳುಗುವುದಕ್ಕೆ ಸ್ವಲ್ಪ ಮೊದಲು, ನೆಲದ ಬಿಸಿಯೂ ಗಾಳಿಯ ಬಿಸಿಯೂ ಸಮವಾಗುವ ಒಂದು ಸಣ್ಣ ಗಳಿಗೆ ಇದೆ, ಆಗ ಕದಡಾಟ ಕನಿಷ್ಠ. ನಮ್ಮನೆಯವಳು ಹೇಳಿದ್ದು ಬೆಳಗ್ಗೆ ಟ್ರಾಫಿಕ್ ಇರುವುದಿಲ್ಲ ಎಂಬರ್ಥದಲ್ಲಿ.

ಮೊನ್ನೆ ಬೀದಿಯ ಸಂಘದ ಸಭೆಯಲ್ಲಿ ಸಿಸಿಟಿವಿ ಮಾತು ಬಂತು. ತಿರುವಿನಲ್ಲಿ ಕಸ ಎಸೆದು ಹೋಗುವ ಸ್ಕೂಟರಿನ ನಂಬರು ಮಸುಕಾಗಿ ಬಿದ್ದಿದೆ. ಕಾರ್ಯದರ್ಶಿಗಳ ಮಗ ಅದನ್ನು ಯಾವುದೋ ಎಐ ಆ್ಯಪಿಗೆ ಹಾಕಿ ಗಾಜಿನಷ್ಟು ಸ್ಪಷ್ಟ ಮಾಡಿ ತಂದಿದ್ದ. ಅಕ್ಷರವೂ ಅಂಕಿಯೂ ಹೊಳೆಯುತ್ತಿದ್ದವು. ಎಲ್ಲರೂ ಶಹಬ್ಬಾಸ್ ಎಂದರು. ಎಂಜಿನಿಯರರು ಕನ್ನಡಕ ಒರೆಸಿಕೊಂಡು, "ಇದೇ ಫೋಟೋನ ಇನ್ನೊಂದು ಸಲ ಹಾಕಪ್ಪ," ಎಂದರು. ಹುಡುಗ ಹಾಕಿದ. ಅಷ್ಟೇ ಸ್ಪಷ್ಟವಾದ ಇನ್ನೊಂದು ನಂಬರು ಬಂತು. ಮೂರನೆಯ ಸಲ ಹಾಕಿದಾಗ ಬಂದದ್ದು ತಮಿಳುನಾಡು ರಿಜಿಸ್ಟ್ರೇಷನ್ನು.

"ಫೇಸ್ ಎಸೆದುಬಿಟ್ಟಿದೆಯಲ್ಲ ಆ ಕ್ಯಾಮೆರಾ, ಆ್ಯಪು ತಾನೇ ಏನು ಮಾಡೀತು ಪಾಪ, ತನಗೆ ತೋಚಿದ ನಂಬರು ಬರೀತಾ ಇದೆ," ಎಂದರು ಎಂಜಿನಿಯರರು. ಸಭೆಗೆ ಅರ್ಥವಾಗಲಿಲ್ಲ. ಖಜಾಂಚಿಗಳು ಮಾತ್ರ, ಫೇಸ್ ಹಿಡಿಯುವ ಕ್ಯಾಮೆರಾಕ್ಕೆ ಎಷ್ಟಾಗುತ್ತದೆ, ಲೇಸರು ಅದರ ಜೊತೆಗೇ ಬರುತ್ತದೋ ಬೇರೆ ಕೊಳ್ಳಬೇಕೋ, ಜಿಎಸ್‌ಟಿ ಸೇರಿ ಒಂದು ಕೊಟೇಷನ್ ತರಿಸಿ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.